‘ಶುಗರ್ ಫ್ರೀ’ ಡಬ್ಬಿ ಸಾಲದು: ತೂಕ ಇಳಿಸುವ ಸರ್ಜರಿ ಆದ ಮೇಲೆ ಅಡುಗೆಮನೆಯ ಲೆಕ್ಕ

ಸರ್ಜರಿ ಮಾಡೋದು ವೈದ್ಯರು. ಅದನ್ನು ಉಳಿಸಿಕೊಳ್ಳಬೇಕಾದ್ದು ಅಡುಗೆಮನೆ. ಆ ಅಡುಗೆಮನೆಗೆ ನಮ್ಮ ವ್ಯವಸ್ಥೆ ಕೊಟ್ಟಿರೋದು ಒಂದು ಸಿಹಿ ಪುಡಿ ಮತ್ತು ಅರ್ಥವಾಗದ ಲೇಬಲ್ಲು.

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬರುವವರಿಗೆ ಹೇಳುವ ಮಾತುಗಳಲ್ಲಿ ಒಂದು ಇದ್ದೇ ಇರುತ್ತದೆ: ಸಕ್ಕರೆ ಬೇಡ. ಮನೆಯವರಿಗೆ ಬೇಗ ಅರ್ಥವಾಗುವುದೂ ಅದೊಂದೇ. ಮಾರನೇ ದಿನ ಯಾರೋ ಪೇಟೆಗೆ ಹೋಗಿ ಒಂದು ‘ಶುಗರ್ ಫ್ರೀ’ ಡಬ್ಬಿ, ಒಂದು ಪ್ಯಾಕೆಟ್ ಡಯಾಬಿಟಿಕ್ ಬಿಸ್ಕತ್ತು ತರುತ್ತಾರೆ. ಚಹಾಕ್ಕೆ ಪುಡಿ ಬಿತ್ತು, ಪಾಯಸಕ್ಕೂ ಬಿತ್ತು, ಸಮಸ್ಯೆ ಮುಗಿಯಿತು ಅಂದುಕೊಳ್ಳುತ್ತಾರೆ.

ಮುಗಿಯುವುದಿಲ್ಲ. ಯಾಕೆಂದರೆ ಪ್ರಶ್ನೆ ಇರುವುದು ‘ಸಕ್ಕರೆ ಬದಲಿಗೆ ಏನು’ ಅನ್ನುವುದರಲ್ಲಿ ಅಲ್ಲ. ನೂರೈವತ್ತು ಎಂಎಲ್‌ಗೆ ಇಳಿದಿರುವ ಹೊಟ್ಟೆಯಲ್ಲಿ ಯಾವುದಕ್ಕೆ ಜಾಗ ಕೊಡಬೇಕು ಅನ್ನುವುದೇ ನಿಜವಾದ ಪ್ರಶ್ನೆ. ಅದನ್ನು ಕೇಳಿಕೊಂಡರೆ ವಿಷಯ ಸಿಹಿಯಿಂದ ಪ್ರೋಟೀನಿಗೆ, ಅಲ್ಲಿಂದ ಮನೆಯ ಖರ್ಚಿಗೆ, ಕೊನೆಗೆ ಒಲೆ ಮುಂದೆ ನಿಂತಿರುವವರು ಯಾರು ಅನ್ನುವಲ್ಲಿಗೆ ಹೋಗುತ್ತದೆ.

ಇದು ಯಾವ ಸರ್ಜರಿ?

ಮೊದಲು ಒಂದು ಗೊಂದಲ ಬಿಡಿಸೋಣ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಯುವ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡಾಗ, ಸಾಮಾಜಿಕ ಜಾಲತಾಣಗಳಲ್ಲಿ ಎಲ್ಲ ಬಗೆಯ ‘ತೂಕದ ಆಪರೇಷನ್’ಗಳನ್ನೂ ಒಂದೇ ಬುಟ್ಟಿಗೆ ಹಾಕಿ ಮಾತಾಡಲಾಯಿತು. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಕಾಸ್ಮೆಟಿಕ್ ಸರ್ಜರಿ ಬೇರೆ, ನಾವು ಇಲ್ಲಿ ಮಾತಾಡುತ್ತಿರುವ ಬೇರಿಯಾಟ್ರಿಕ್ ಸರ್ಜರಿ ಬೇರೆ. ಬೇರಿಯಾಟ್ರಿಕ್ ಸರ್ಜರಿ ಜೀರ್ಣಾಂಗದ ಮೇಲೆ ನಡೆಯುವಂಥದ್ದು. ತೀವ್ರ ಬೊಜ್ಜು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಿಗೆ ಅದು ಚಿಕಿತ್ಸೆ.

ಇದರಲ್ಲಿ ಹೆಚ್ಚು ನಡೆಯುವುದು ಎರಡು. ಒಂದು, ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನಾಕಾರದ ಸಣ್ಣ ಕೊಳವೆಯನ್ನು ಉಳಿಸುತ್ತಾರೆ. ಅದರಲ್ಲಿ ಹಿಡಿಯುವುದು ಸುಮಾರು 100ರಿಂದ 150 ಎಂಎಲ್, ಅಂದರೆ ಒಂದು ದೊಡ್ಡ ಸೌಟು. ಇನ್ನೊಂದು, ಗ್ಯಾಸ್ಟ್ರಿಕ್ ಬೈಪಾಸ್. ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂಎಲ್‌ನ ಪುಟ್ಟ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಊಟ ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಹೋಗುತ್ತದೆ.

ಕರ್ನಾಟಕದಲ್ಲಿ ಇದು ದೂರದ ವಿಷಯ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 30ರಷ್ಟು ವಯಸ್ಕ ಹೆಂಗಸರು, ಹೆಚ್ಚುಕಡಿಮೆ ಅಷ್ಟೇ ಗಂಡಸರು ಅಧಿಕ ತೂಕ ಅಥವಾ ಬೊಜ್ಜಿನವರು. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹ ಇದೆ ಎಂದಿತು. ಇವರಲ್ಲಿ ಸರ್ಜರಿಗೆ ಹೋಗುವವರು ಕೆಲವೇ ಮಂದಿ. ಆದರೆ ಹೋದವರು ಮರಳಿ ಬರುವುದು ನಮ್ಮ ನಿಮ್ಮಂಥ ಮನೆಗಳಿಗೇ.

ಸಕ್ಕರೆ ಯಾಕೆ ಬೇಡ? ‘ತೂಕ ಹೆಚ್ಚುತ್ತೆ’ ಅನ್ನೋದಷ್ಟೇ ಉತ್ತರ ಅಲ್ಲ

ಸಾಮಾನ್ಯ ಜಠರದ ತುದಿಯಲ್ಲಿ ಒಂದು ಬಾಗಿಲು ಇದೆ. ಅದು ತಿಂದದ್ದನ್ನು ಸ್ವಲ್ಪಸ್ವಲ್ಪವಾಗಿ ಕರುಳಿಗೆ ಬಿಡುತ್ತದೆ. ಬೈಪಾಸ್ ಆದವರಲ್ಲಿ ಆ ಬಾಗಿಲಿಗೆ ಕೆಲಸವೇ ಇಲ್ಲ. ಒಂದು ಲೋಟ ಜ್ಯೂಸೋ ಎರಡು ಜಿಲೇಬಿಯೋ ಹೊಟ್ಟೆಗೆ ಹೋದರೆ ಸಕ್ಕರೆ ಧಡಕ್ಕನೆ ಸಣ್ಣ ಕರುಳಿಗೆ ಸುರಿಯುತ್ತದೆ. ಅದನ್ನು ತೆಳುಮಾಡಲು ದೇಹ ರಕ್ತದಿಂದ ನೀರನ್ನು ಕರುಳಿಗೆ ಎಳೆಯುತ್ತದೆ. ಹತ್ತರಿಂದ ಮೂವತ್ತು ನಿಮಿಷದೊಳಗೆ ಎದೆ ಹೊಡೆದುಕೊಳ್ಳುವುದು, ಬೆವರು, ಹೊಟ್ಟೆ ನುಲಿತ, ಭೇದಿ ಶುರು. ಇದಕ್ಕೆ ಡಂಪಿಂಗ್ ಸಿಂಡ್ರೋಮ್ ಅನ್ನುತ್ತಾರೆ.

ಇದರ ಎರಡನೇ ಕಂತು ಒಂದರಿಂದ ಮೂರು ಗಂಟೆ ಬಿಟ್ಟು ಬರುತ್ತದೆ. ಒಮ್ಮೆಲೇ ಏರಿದ ಸಕ್ಕರೆಗೆ ದೇಹ ಅತಿಯಾಗಿ ಇನ್ಸುಲಿನ್ ಬಿಡುತ್ತದೆ, ಆಗ ರಕ್ತದ ಸಕ್ಕರೆ ಕುಸಿಯುತ್ತದೆ. ಕೈ ನಡುಕ, ಕಣ್ಣು ಕತ್ತಲೆ, ತಲೆ ತಿರುಗು. ಸ್ಲೀವ್ ಆದವರಲ್ಲಿ ಡಂಪಿಂಗ್ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಸರ್ಜರಿಗೆ ಮೊದಲು ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದವರು ಹಳೇ ಡೋಸನ್ನೇ ಮುಂದುವರಿಸಿದರೆ ಈ ಕುಸಿತ ಇನ್ನಷ್ಟು ಅಪಾಯಕಾರಿ. ಡೋಸ್ ಎಷ್ಟಕ್ಕೆ ಇಳಿಸಬೇಕು ಅನ್ನುವುದನ್ನು ವೈದ್ಯರೇ ಹೇಳಬೇಕು. ಪಕ್ಕದ ಮನೆಯವರು, ವಾಟ್ಸ್‌ಆ್ಯಪ್ ಗ್ರೂಪಿನವರು ಹೇಳುವುದಲ್ಲ.

ಇನ್ನೊಂದು ಕಾರಣ ಸರಳ. ಗಟ್ಟಿ ಊಟ ಸ್ವಲ್ಪ ತಿಂದರೂ ಹೊಟ್ಟೆ ತುಂಬುತ್ತದೆ, ಆದರೆ ಸಿಹಿ ನೀರು ತಡೆಯಿಲ್ಲದೆ ಇಳಿದುಬಿಡುತ್ತದೆ. ಎರಡು ವರ್ಷದ ಬಳಿಕ ತೂಕ ಮರಳಿ ಬರಲು ಇದೂ ಒಂದು ದಾರಿ.

ಬೆಲ್ಲ, ಜೇನು, ಓಲೆಬೆಲ್ಲ: ‘ನಮ್ಮದು’ ಅಂದ ಮಾತ್ರಕ್ಕೆ ಮಾಫಿ ಇಲ್ಲ

ಕಡಬ ತಾಲೂಕಿನ ಪೆರಾಬೆಯಂಥ ಊರನ್ನು ತಗೊಳ್ಳಿ. ಅಡಿಕೆ, ರಬ್ಬರ್, ನಡುನಡುವೆ ಕೊಕ್ಕೊ. ಬಂದವರಿಗೆ ಬೆಲ್ಲ ನೀರು ಕೊಡುವ ಸೀಮೆ ಇದು. ಹಲಸಿನ ಗಟ್ಟಿಗೂ ಬೆಲ್ಲ, ರಾಗಿ ಮಣ್ಣಿಗೂ ಬೆಲ್ಲ, ಹೆಸರುಬೇಳೆ ಪಾಯಸಕ್ಕೂ ಬೆಲ್ಲ. ಕೆಲವು ಮನೆಗಳಲ್ಲಿ ಸಾರು, ಸಾಸಿವೆ, ಮೆಣಸ್ಕಾಯಿಗೂ ಒಂದು ಚೂರು ಬೀಳಲೇಬೇಕು. ಇಲ್ಲಿ ‘ಸಕ್ಕರೆ ಬಿಡಿ’ ಅಂದರೆ ಜನ ಸಲೀಸಾಗಿ ಬಿಡುತ್ತಾರೆ. ಬಿಟ್ಟು ಬೆಲ್ಲಕ್ಕೆ ಹೋಗುತ್ತಾರೆ. ‘ಅದು ಕೆಮಿಕಲ್ ಅಲ್ಲ ಮಾರಾಯ್ರೆ, ನ್ಯಾಚುರಲ್ಲು.’

ಕರುಳಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಲ್ಲದ ಬಹುಪಾಲು ಸುಕ್ರೋಸೇ, ಅಂದರೆ ಸಕ್ಕರೆಯೇ. ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲರಿ ಇದ್ದರೆ ಅಷ್ಟೇ ಬೆಲ್ಲದಲ್ಲಿ 350ರಿಂದ 380. ಜೇನಿನಲ್ಲಿ ನೂರಕ್ಕೆ 80ರಷ್ಟು ಸಕ್ಕರೆಯಂಶ. ಖರ್ಜೂರದಲ್ಲಿ ನಾರು ಇದೆ ನಿಜ, ಜೊತೆಗೆ ಮೂರನೇ ಎರಡು ಭಾಗ ಸಕ್ಕರೆಯೂ ಇದೆ. ಓಲೆಬೆಲ್ಲ, ತೆಂಗಿನ ಸಕ್ಕರೆಗಳ ಕಥೆಯೂ ಅಷ್ಟೆ. ಬೆಲ್ಲದಲ್ಲಿ ಕಬ್ಬಿಣ ಇದೆ ಎಂಬ ವಾದ ಇದೆಯಲ್ಲ, ಅದಕ್ಕಾಗಿ ತಿನ್ನಬೇಕಾದ ಬೆಲ್ಲದ ಪ್ರಮಾಣ ನೋಡಿದರೆ ಸರ್ಜರಿ ಆದವರು ಮೊದಲು ಡಂಪಿಂಗ್‌ಗೇ ಸಿಗುತ್ತಾರೆ.

‘ದೇಸಿ’ ಅನ್ನುವುದು ಒಂದು ಭಾವನೆ, ಅದಕ್ಕೆ ಗೌರವ ಇರಲಿ. ಆದರೆ ಬೆಲ್ಲದ ಬಿಸ್ಕತ್ತು, ಬೆಲ್ಲದ ಚಾಕೊಲೇಟುಗಳ ಮೇಲೆ ಆ ಭಾವನೆಯನ್ನೇ ಅಚ್ಚು ಹಾಕಿ ದುಪ್ಪಟ್ಟು ರೇಟಿಗೆ ಮಾರುವ ವ್ಯಾಪಾರವನ್ನು ಪ್ರಶ್ನಿಸಲೇಬೇಕು.

ಹಾಗಾದ್ರೆ ಡಬ್ಬಿಯೊಳಗೆ ಏನಿದೆ?

‘ಶುಗರ್ ಫ್ರೀ’ ಅನ್ನುವುದು ನಮ್ಮಲ್ಲಿ ಒಂದು ಬ್ರ್ಯಾಂಡಿನ ಹೆಸರೂ ಹೌದು, ಒಂದು ಕಾನೂನು ಪದವೂ ಹೌದು. ಅರ್ಧ ಗೊಂದಲ ಇಲ್ಲಿಂದಲೇ ಶುರು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮದ ಪ್ರಕಾರ 100 ಗ್ರಾಂ ಅಥವಾ 100 ಎಂಎಲ್‌ನಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರದಿದ್ದರೆ ಮಾತ್ರ ‘ಶುಗರ್ ಫ್ರೀ’ ಅನ್ನಬಹುದು. ‘ನೋ ಆ್ಯಡೆಡ್ ಶುಗರ್’ ಬೇರೆಯೇ ಮಾತು. ಹೊರಗಿನಿಂದ ಸಕ್ಕರೆ ಹಾಕಿಲ್ಲ ಎಂದಷ್ಟೇ ಅದರ ಅರ್ಥ. ಹಾಲಿನದ್ದೋ ಹಣ್ಣಿನದ್ದೋ ಸ್ವಂತ ಸಕ್ಕರೆ ಅದರಲ್ಲಿ ಬೇಕಾದಷ್ಟು ಇರಬಹುದು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಿಯಮ ಎಣಿಸುವುದು ಸಕ್ಕರೆಯನ್ನು, ಪಿಷ್ಟವನ್ನು ಅಲ್ಲ. ಮೈದಾ, ಅಕ್ಕಿಹಿಟ್ಟು, ಮಾಲ್ಟೋಡೆಕ್ಸ್‌ಟ್ರಿನ್ ಇವು ಆ ಲೆಕ್ಕಕ್ಕೆ ಬರುವುದಿಲ್ಲ. ಮಾಲ್ಟೋಡೆಕ್ಸ್‌ಟ್ರಿನ್ ಅಂತೂ ರಕ್ತದ ಸಕ್ಕರೆಯನ್ನು ಗ್ಲೂಕೋಸಿನಷ್ಟೇ ಬೇಗ ಏರಿಸುತ್ತದೆ. ಹಾಗಾಗಿ ಶುಗರ್ ಫ್ರೀ ಬಿಸ್ಕತ್ತು ಕಾನೂನಿನ ಪ್ರಕಾರ ಸುಳ್ಳಲ್ಲ, ಆದರೆ ಹೊಟ್ಟೆಯ ಪ್ರಕಾರ ಅದು ಮೈದಾವೇ.

ಡಬ್ಬಿಯ ಹಿಂಬದಿ ಓದಲು ಕಲಿತರೆ ಸಿಹಿಕಾರಕಗಳನ್ನು ಹೀಗೆ ಬಿಡಿಸಬಹುದು.

ಆಸ್ಪರ್ಟೇಮ್, ನಂಬರ್ 951. ಬಿಸಿಗೆ ಒಡೆದು ಸಿಹಿ ಕಳಕೊಳ್ಳುತ್ತದೆ. ಕುದಿಸುವ ಅಡುಗೆಗೆ ಆಗದು, ಆರಿದ ಮೇಲೆ ಬೆರೆಸುವುದಕ್ಕಷ್ಟೇ. ಫಿನೈಲ್‌ಕೀಟೋನೂರಿಯ ಎಂಬ ಹುಟ್ಟು ಕಾಯಿಲೆ ಇರುವವರಿಗೆ ನಿಷಿದ್ಧ. 2023ರ ಜುಲೈನಲ್ಲಿ ವಿಶ್ವಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ’ ಗುಂಪಿಗೆ ಸೇರಿಸಿತು. ಅದೇ ಹೊತ್ತಿಗೆ ಇನ್ನೊಂದು ತಜ್ಞರ ಸಮಿತಿ ದಿನಕ್ಕೆ ದೇಹದ ಪ್ರತಿ ಕೆಜಿ ತೂಕಕ್ಕೆ 40 ಮಿಲಿಗ್ರಾಂ ಎಂಬ ಹಳೇ ಮಿತಿಯನ್ನು ಹಾಗೇ ಉಳಿಸಿತು. ಹೆಡ್‌ಲೈನ್ ಓದಿ ಭಯಪಡುವಂಥದ್ದಲ್ಲ, ಹಾಗಂತ ಮುಷ್ಟಿಗಟ್ಟಲೆ ಸುರಿಯುವಂಥದ್ದೂ ಅಲ್ಲ.

ಸುಕ್ರಲೋಸ್, ನಂಬರ್ 955. ಚಹಾ, ಪಾಯಸದ ಬಿಸಿ ತಡೆಯುತ್ತದೆ. ಆದರೆ ಬೇಕಿಂಗ್, ಹುರಿಯುವುದು, ಕರಿಯುವುದರಲ್ಲಿ 120 ಡಿಗ್ರಿ ದಾಟಿದರೆ ಹಾನಿಕರ ಸಂಯುಕ್ತಗಳು ಉಂಟಾಗಬಹುದು ಎಂದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 2019ರಲ್ಲಿ ಎಚ್ಚರಿಸಿತ್ತು. ಅಂದರೆ ಓವನ್ನಿನ ಕೇಕಿಗೆ ಬೇಡ, ಒಲೆ ಆರಿಸಿದ ಮೇಲೆ ಪಾಯಸಕ್ಕೆ ಸರಿ.

ಸ್ಟೀವಿಯಾ, ನಂಬರ್ 960. ಎಲೆಯಿಂದ ಬೇರ್ಪಡಿಸಿದ ಸಿಹಿ, ಬಿಸಿ ತಡೆಯುತ್ತದೆ. ಜಾಸ್ತಿಯಾದರೆ ಕಹಿ. ಪುಡಿ ರೂಪದಲ್ಲಿ ಬರುವಾಗ ಗಾತ್ರಕ್ಕೆ ಏನು ಬೆರೆಸಿದ್ದಾರೆ ಅಂತ ನೋಡಬೇಕು. ಹಲವು ಬಾರಿ ಅದು ಲ್ಯಾಕ್ಟೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್.

ಸಾರ್ಬಿಟಾಲ್ 420, ಮಾಲ್ಟಿಟಾಲ್ 965, ಜೈಲಿಟಾಲ್ 967, ಎರಿಥ್ರಿಟಾಲ್ 968. ಇವನ್ನು ಶುಗರ್ ಆಲ್ಕೋಹಾಲ್ ಅನ್ನುತ್ತಾರೆ, ಆದರೆ ಕುಡಿಯುವ ಆಲ್ಕೋಹಾಲ್ ಅಲ್ಲ. ಶುಗರ್ ಫ್ರೀ ಚಾಕೊಲೇಟು, ಮಿಠಾಯಿಗಳಲ್ಲಿ ಇರುವುದು ಬಹುಪಾಲು ಇವೇ. ಸರ್ಜರಿ ಆದವರು ಹೆಚ್ಚು ಹುಷಾರಾಗಿರಬೇಕಾದದ್ದೂ ಇವುಗಳ ಬಗ್ಗೆಯೇ. ಇವು ಪೂರ್ತಿ ಹೀರಲ್ಪಡದೆ ಕರುಳಿನಲ್ಲಿ ಉಳಿದು ನೀರು ಎಳೆಯುತ್ತವೆ. ಹೊಟ್ಟೆ ಉಬ್ಬರ, ಗ್ಯಾಸ್, ಭೇದಿ, ಅಂದರೆ ಯಾವುದರಿಂದ ತಪ್ಪಿಸಿಕೊಳ್ಳಲು ಸಕ್ಕರೆ ಬಿಟ್ಟರೋ ಅದೇ ತೊಂದರೆ ಹಿಂಬಾಗಿಲಿನಿಂದ ಬರುತ್ತದೆ. ಎರಿಥ್ರಿಟಾಲ್ ಇವುಗಳಲ್ಲಿ ಸ್ವಲ್ಪ ಸೌಮ್ಯ. ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನೂ ಒಂದಷ್ಟು ಏರಿಸುತ್ತದೆ.

ಇಷ್ಟೆಲ್ಲ ಆದಮೇಲೆ ಒಂದು ದೊಡ್ಡ ಮಾತು ಉಳಿಯಿತು. 2023ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕದ ನಿಯಂತ್ರಣಕ್ಕೆಂದು ಸಕ್ಕರೆಯೇತರ ಸಿಹಿಕಾರಕಗಳನ್ನು ಬಳಸುವುದು ಬೇಡ ಎಂದು ಸಲಹೆ ನೀಡಿತು. ದೀರ್ಘಕಾಲದಲ್ಲಿ ಅವುಗಳಿಂದ ಕೊಬ್ಬು ಇಳಿದದ್ದಕ್ಕೆ ಪುರಾವೆ ಸಿಗಲಿಲ್ಲ ಅನ್ನುವುದು ಅದರ ಕಾರಣ. ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ, ಶುಗರ್ ಆಲ್ಕೋಹಾಲ್‌ಗಳನ್ನೂ ಇದರಲ್ಲಿ ಸೇರಿಸಿಲ್ಲ. ಆದರೂ ಅದರ ಸಾರ ಗಮನಿಸಿ: ಸಕ್ಕರೆಯ ಬದಲಿ ಹುಡುಕುವುದಕ್ಕಿಂತ ಊಟದ ಒಟ್ಟು ಸಿಹಿಯನ್ನೇ ಇಳಿಸಿ. ಸರ್ಜರಿ ಆದ ಹಲವರು ರುಚಿಯೇ ಬದಲಾಯಿತು, ಮೊದಲಿನ ಸಿಹಿ ಈಗ ಅತಿಯಾಗುತ್ತದೆ ಅನ್ನುತ್ತಾರೆ. ನಾಲಿಗೆ ತಾನಾಗಿ ಕೊಟ್ಟ ಅವಕಾಶ ಅದು. ಅಂಥ ಹೊತ್ತಿನಲ್ಲಿ ಸಕ್ಕರೆಗಿಂತ ನೂರಾರು ಪಟ್ಟು ಸಿಹಿಯ ಪುಡಿಯಿಂದ ನಾಲಿಗೆಯನ್ನು ಮತ್ತೆ ಹಳೇ ದಾರಿಗೆ ಎಳೆಯುವುದು ಬೇಕಾ?

ಅರವತ್ತು ಗ್ರಾಂ ಪ್ರೋಟೀನಿನ ಲೆಕ್ಕ

ಸರ್ಜರಿ ಆದವರಿಗೆ ಸಾಮಾನ್ಯವಾಗಿ ಹೇಳುವ ಗುರಿ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್. ತೂಕ ವೇಗವಾಗಿ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ತಡೆಯಲು, ಗಾಯ ಮಾಯಲು ಪ್ರೋಟೀನ್ ಬೇಕು.

ಈಗ ನಮ್ಮ ಊಟ ನೋಡಿ. ಪೆರಾಬೆಯಿಂದ ಪುತ್ತೂರಿನವರೆಗೆ ಯಾರಿಗೇ ಹುಷಾರು ತಪ್ಪಲಿ, ಮೊದಲು ಬರುವುದು ಕುಚ್ಚಲಕ್ಕಿ ಗಂಜಿ. ಜ್ವರಕ್ಕೆ ಅದು ಸರಿ. ಆದರೆ ಒಂದು ಸೌಟು ಹಿಡಿಯುವ ಹೊಟ್ಟೆಗೆ ಗಂಜಿ ತುಂಬಿದರೆ ಸಿಗುವುದು ನೀರು ಮತ್ತು ಪಿಷ್ಟ. ನೂರು ಗ್ರಾಂ ಬೆಂದ ಅನ್ನದಲ್ಲಿ ಪ್ರೋಟೀನ್ ಎರಡು ಮೂರು ಗ್ರಾಂ ಮಾತ್ರ. ಪ್ರೀತಿಯಿಂದ ಕೊಟ್ಟ ಗಂಜಿ, ಮೀನಿಗೂ ಬೇಳೆಗೂ ಇರಬೇಕಾದ ಜಾಗವನ್ನು ನುಂಗಿಬಿಡುತ್ತದೆ.

ಎಲ್ಲ ತಿನ್ನಬಹುದಾದ ಹಂತಕ್ಕೆ ಬಂದವರ ಒಂದು ದಿನ ಹೀಗಿರಬಹುದು. ಎರಡು ಮೊಟ್ಟೆ, 12 ಗ್ರಾಂ. ಬಂಗುಡೆಯೋ ಬೂತಾಯಿಯೋ ಮುಳ್ಳು ತೆಗೆದು ನೂರು ಗ್ರಾಂ, ಎರಡು ಹೊತ್ತಿಗೆ ಹಂಚಿ, ಸುಮಾರು 19 ಗ್ರಾಂ. ಮೂವತ್ತು ಗ್ರಾಂ ಹುರುಳಿ ಅಥವಾ ಹೆಸರುಕಾಳು ಬೇಯಿಸಿ ಅರೆದದ್ದು, 7 ಗ್ರಾಂ. ಇನ್ನೂರು ಗ್ರಾಂ ಮೊಸರು, 6 ಗ್ರಾಂ. ಐವತ್ತು ಗ್ರಾಂ ಪನೀರ್, 9 ಗ್ರಾಂ. ಒಟ್ಟು 53. ಇಷ್ಟು ಶಿಸ್ತಾಗಿ ತಿಂದರೂ ಅರವತ್ತು ಮುಟ್ಟಲಿಲ್ಲ. ಸಸ್ಯಾಹಾರಿಗಳಾದರೆ ಮೊದಲೆರಡು ಸಾಲು ಅಳಿಸಿ, ಉಳಿಯುವುದು 22. ಸೋಯಾ, ಪನೀರು, ಕಾಳುಗಳನ್ನು ಎಷ್ಟೇ ಹೆಚ್ಚಿಸಿದರೂ ಸಣ್ಣ ಹೊಟ್ಟೆಗೆ ಅದು ಸುಲಭವಲ್ಲ. ಹೀಗಾಗಿ ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿ ಹಲವರಿಗೆ ಶೋಕಿ ಅಲ್ಲ, ಅಗತ್ಯ.

ನಮ್ಮ ರಾಜ್ಯದಲ್ಲಿ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಬೇಕೇ ಬೇಡವೇ ಎಂದು ವರ್ಷಗಟ್ಟಲೆ ಜಗಳವಾಡಿದ್ದೇವೆ. ಪ್ರೋಟೀನನ್ನು ಆರೋಗ್ಯದ ಪ್ರಶ್ನೆಯಾಗಿ ನೋಡದೆ ಜಾತಿ, ಮಡಿಯ ಪ್ರಶ್ನೆಯಾಗಿ ನೋಡುವ ಅಭ್ಯಾಸ ಅದು. ಸರ್ಜರಿ ಆದವರ ಮನೆಯೊಳಗೂ ಅದೇ ಜಗಳ ಸಣ್ಣ ರೂಪದಲ್ಲಿ ನಡೆಯಬಹುದು.

ಒಲೆಯ ಮೇಲೆ ಏನು ಬದಲಾಗಬೇಕು

ಮೊದಲ ವಾರಗಳದ್ದು ಹಂತಗಳ ಊಟ: ತೆಳು ದ್ರವ, ನಂತರ ಅರೆದದ್ದು, ನಂತರ ಮೆತ್ತಗಿನದ್ದು, ಒಂದೂವರೆ ಎರಡು ತಿಂಗಳ ಹೊತ್ತಿಗೆ ಸಾಮಾನ್ಯ ಊಟ. ದಿನಗಳ ಲೆಕ್ಕ ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬೇರೆ. ನಿಮ್ಮ ವೈದ್ಯರು ಬರೆದುಕೊಟ್ಟದ್ದೇ ಅಂತಿಮ. ಆದರೆ ಆ ಚೀಟಿಯಲ್ಲಿ ಓಟ್ಸು, ಬ್ರೊಕೋಲಿ, ಗ್ರೀಕ್ ಯೋಗರ್ಟ್ ಅಂತ ಇದ್ದರೆ ಗಾಬರಿ ಬೇಡ, ಅವುಗಳ ಕೆಲಸ ಮಾಡುವ ಪದಾರ್ಥ ಮನೆಯಲ್ಲೇ ಇದೆ.

ದ್ರವದ ಹಂತಕ್ಕೆ ಸೋಸಿದ ಹುರುಳಿ ಸಾರು, ಕೋಳಿ ಅಥವಾ ಮೀನಿನ ತಿಳಿ ಸಾರು, ನೀರು ಮಜ್ಜಿಗೆ. ಖಾರ ಬೇಡ. ಅರೆದ ಊಟದ ಹಂತಕ್ಕೆ ಬೇಯಿಸಿ ನುಣ್ಣಗೆ ಮಾಡಿದ ಹೆಸರುಬೇಳೆ, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು. ಗ್ರೀಕ್ ಯೋಗರ್ಟ್ ಅಂದರೆ ಹೆಚ್ಚುಕಡಿಮೆ ಇದೇ. ಮೆತ್ತಗಿನ ಹಂತಕ್ಕೆ ಆವಿಯಲ್ಲಿ ಬೇಯಿಸಿದ ಮೀನು, ಮೊಟ್ಟೆ, ಬೆಂದ ಅಳಸಂಡೆ. ತಿಮರೆಯ ತಂಬುಳಿಗೆ ತೆಂಗಿನಕಾಯಿ ಕಮ್ಮಿ, ಮೊಸರು ಜಾಸ್ತಿ. ಪುನರ್ಪುಳಿ ಸಾರು ಬೆಲ್ಲವಿಲ್ಲದೆಯೂ ಸಾರೇ. ಈ ಸೀಮೆಯ ಅಡುಗೆಯಲ್ಲಿ ಹುಳಿ, ಒಗರು, ಖಾರ, ಒಗ್ಗರಣೆಯ ಘಮ ಇಷ್ಟು ಇರುವಾಗ ರುಚಿ ಅಂದರೆ ಸಿಹಿಯೇ ಎಂದು ಹೇಳಿಕೊಟ್ಟವರು ಯಾರು?

ಹಬ್ಬಕ್ಕೆ ಸಿಹಿ ಬೇಕೇಬೇಕು ಅಂದರೆ? ಅಲ್ಲಿ ಸಕ್ಕರೆ ಏನೇನು ಕೆಲಸ ಮಾಡುತ್ತದೆ ಅಂತ ಮೊದಲು ನೋಡಿ. ಪಾಯಸದಲ್ಲಿ ಅದರ ಕೆಲಸ ಸಿಹಿ ಕೊಡುವುದಷ್ಟೇ. ಮೈಸೂರುಪಾಕಿನಲ್ಲಿ ಅದು ಪಾಕ, ಗಾತ್ರ, ಗಟ್ಟಿತನ, ಬಾಳಿಕೆ ಎಲ್ಲವೂ. ಹೋಳಿಗೆಯ ಹೂರಣ, ಹಾಲುಬಾಯಿಯಲ್ಲೂ ಹಾಗೇ, ಬೆಲ್ಲವೇ ಮೈ. ಒಂದು ಚಿಟಿಕೆ ಸ್ಟೀವಿಯಾ ಆ ಮೈಯನ್ನು ಕೊಡಲಾರದು. ಬಲವಂತ ಮಾಡಿದರೆ ಸಿಗುವುದು ಒದ್ದೆ ಹಿಟ್ಟು. ಹಾಗಾಗಿ ಪಾಕದ ತಿಂಡಿಗಳ ಶುಗರ್ ಫ್ರೀ ನಕಲು ಮಾಡಲು ಹೋಗಬೇಡಿ. ಹೆಸರುಬೇಳೆ ಪಾಯಸ ಮಾಡಿ. ಬೇಳೆ ಹುರಿದು ಬೇಯಿಸಿ, ದಪ್ಪ ತೆಂಗಿನ ಹಾಲಿನ ಬದಲು ಕೆನೆ ತೆಗೆದ ಹಾಲು, ಏಲಕ್ಕಿ, ಒಂದು ಹರಳು ಉಪ್ಪು. ಒಲೆ ಆರಿಸಿದ ಮೇಲೆ ಸ್ಟೀವಿಯಾ ಅಥವಾ ಸುಕ್ರಲೋಸ್, ನಿಮಗೆ ಸಾಕು ಅನಿಸುವುದಕ್ಕಿಂತ ಸ್ವಲ್ಪ ಕಡಿಮೆ. ಕಾಲು ಕಪ್ಪು ಸಾಕು. ರಾಗಿ ಮಣ್ಣಿಯನ್ನೂ ಹೀಗೇ ಮಾಡಬಹುದು, ಆದರೆ ಸಕ್ಕರೆ ಇಲ್ಲದಿದ್ದರೂ ಅದು ಪಿಷ್ಟ ಎಂಬುದು ನೆನಪಿರಲಿ, ಪ್ರೋಟೀನ್ ತಿಂದು ಜಾಗ ಉಳಿದರೆ ಮಾತ್ರ.

ತಿನ್ನುವ ಕ್ರಮವೂ ಅಡುಗೆಯಷ್ಟೇ ಮುಖ್ಯ. ಪ್ರೋಟೀನ್ ಮೊದಲು, ತರಕಾರಿ ಆಮೇಲೆ, ಅನ್ನ ಕೊನೆಗೆ. ಇಪ್ಪತ್ತು ಮೂವತ್ತು ನಿಮಿಷ ಅಗಿದು ತಿನ್ನಬೇಕು. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆಯ ಅಂತರ ಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳು ಬದುಕಿರುವವರೆಗೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬಾರದು, ಎರಡು ಗಂಟೆ ಬಿಡಬೇಕು. ಕಬ್ಬಿಣದ ಮಾತ್ರೆಯ ಹಿಂದೆಯೇ ಚಹಾ ಬೇಡ. ವಾಂತಿ ನಿಲ್ಲದಿದ್ದರೆ ‘ಅಜೀರ್ಣ’ ಅಂತ ಕಷಾಯ ಕುಡಿಸುತ್ತಾ ಕೂರಬೇಡಿ. ಥಯಾಮಿನ್ ಕೊರತೆಯಾಗಿ ನರ, ಮೆದುಳಿಗೆ ಪೆಟ್ಟಾಗಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಯುವತಿಯರು ಇನ್ನೊಂದು ತಿಳಿದಿರಬೇಕು: ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಆದರೆ ಮೊದಲ 12ರಿಂದ 18 ತಿಂಗಳು ಗರ್ಭಧಾರಣೆ ಬೇಡ ಎನ್ನುವುದು ವೈದ್ಯಕೀಯ ಸಲಹೆ.

ಸರ್ಜರಿಗೆ ವಿಮೆ, ಮೀನಿಗೆ?

ಇನ್ನು ದುಡ್ಡಿನ ಮಾತು. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ರೂಪಿಸಿದ ಪ್ರಮಾಣಿತ ನಿಯಮದ ಪ್ರಕಾರ ಬೊಜ್ಜಿನ ಸರ್ಜರಿಯ ಖರ್ಚು ಸಿಗಬೇಕಾದರೆ ಬಿಎಂಐ 40 ದಾಟಿರಬೇಕು, ಅಥವಾ 35 ದಾಟಿ ಜೊತೆಗೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆ್ಯಪ್ನಿಯಾ, ಹತೋಟಿಗೆ ಬಾರದ ಮಧುಮೇಹದಂಥ ತೊಂದರೆ ಇರಬೇಕು. ಆದರೆ ಬೇರಿಯಾಟ್ರಿಕ್ ಸರ್ಜನ್ನರ ಅಂತಾರಾಷ್ಟ್ರೀಯ ಸಂಘಟನೆಗಳು 2022ರಲ್ಲೇ ಮಾನದಂಡ ಬದಲಿಸಿವೆ. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಮಧುಮೇಹ, ಹೃದಯದ ತೊಂದರೆ ಬರುತ್ತದೆ ಎಂಬ ಕಾರಣಕ್ಕೆ ಬಿಎಂಐ 27.5ರಿಂದಲೇ ಸರ್ಜರಿಯನ್ನು ಪರಿಗಣಿಸಬಹುದು ಎಂದವು. ಸರ್ಜರಿ ಮಾಡುವವರೇ ಮಾಡಿದ ಶಿಫಾರಸು ಅದು ಎಂಬುದನ್ನೂ ಮರೆಯಬಾರದು. ಆದರೂ ಎರಡು ಗೆರೆಗಳ ನಡುವಿನ ಅಂತರದಲ್ಲಿ ನಿಂತವರು ಸರ್ಜರಿ ಬೇಕೆಂದರೆ ಲಕ್ಷಗಟ್ಟಲೆ ಹಣ ಕೈಯಿಂದಲೇ ಹಾಕಬೇಕು.

ಅದೂ ಒಂದು ಸಲದ ಖರ್ಚು. ದಿನದ ಮೀನು, ಪನೀರು, ಪ್ರೋಟೀನ್ ಪುಡಿ, ಜೀವನಪೂರ್ತಿ ಮಾತ್ರೆ, ವರ್ಷವರ್ಷದ ರಕ್ತಪರೀಕ್ಷೆ? ಆಸ್ಪತ್ರೆಗೆ ದಾಖಲಾದರೆ ಮಾತ್ರ ನೆನಪಾಗುವ ವಿಮೆಗೆ ಇವು ಕಾಣುವುದಿಲ್ಲ. ಪೆರಾಬೆಯವರು ಫಾಲೋಅಪ್‌ಗೆ ಮಂಗಳೂರಿಗೆ ಹೋಗಿ ಬಂದರೆ ಒಂದು ದಿನದ ಕೂಲಿಯೂ ಹೋಯಿತು. ಹಾಗಾಗಿಯೇ ಎರಡನೇ ವರ್ಷಕ್ಕೆ ಮೊದಲು ನಿಲ್ಲುವುದು ಮಾತ್ರೆ, ಆಮೇಲೆ ಚೆಕಪ್ಪು. ತೂಕ ಮರಳಿದಾಗ ‘ಬಾಯಿ ಕಟ್ಟೋಕಾಗಲಿಲ್ಲ’ ಅಂತ ದೂರುವುದು ರೋಗಿಯನ್ನು. ಈ ಪ್ರಶ್ನೆ ಸರ್ಜರಿಗಷ್ಟೇ ಸೀಮಿತವೂ ಅಲ್ಲ. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ತೂಕ ಇಳಿಸುವ ಇಂಜೆಕ್ಷನ್ನುಗಳಾದ ಮೌಂಜಾರೊ, ವೆಗೋವಿ ತಗೊಳ್ಳುವವರಿಗೂ ಇದೇ ಲೆಕ್ಕ: ಹಸಿವು ಕಡಿಮೆ, ಸ್ನಾಯು ಕರಗುವ ಅಪಾಯ, ಪ್ರೋಟೀನ್ ಬೇಕು.

ಇನ್ನೊಂದು ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಪುರುಷರು 88 ನಿಮಿಷ. ಗಂಡನಿಗೆ ಸರ್ಜರಿಯಾದರೆ ಹೆಂಡತಿ ದಿನಕ್ಕೆ ಆರು ಸಲ ಬೇರೆ ಅಡುಗೆ ಮಾಡುತ್ತಾಳೆ. ಹೆಂಡತಿಗೆ ಸರ್ಜರಿಯಾದರೆ? ಆಕೆ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಅರೆದು ತಿನ್ನುತ್ತಾಳೆ. ‘ಡಯಟ್ ಫಾಲೋ ಮಾಡಿ’ ಎಂಬ ಒಂದೇ ಸಲಹೆ ಇಬ್ಬರಿಗೂ ಒಂದೇ ಆಗುವುದಿಲ್ಲ.

ಏನು ಕೇಳಬೇಕು

ಲೇಬಲ್ಲಿನ ವಿಷಯದಲ್ಲಿ ಜಗಳ ಈಗಾಗಲೇ ನಡೆಯುತ್ತಿದೆ. 2022ರ ಸೆಪ್ಟೆಂಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪ್ಯಾಕೆಟಿನ ಮುಂಬದಿಗೆ ಸ್ಟಾರ್ ರೇಟಿಂಗ್ ಹಾಕುವ ಕರಡು ತಂದಾಗ, ಸ್ಟಾರ್ ಬೇಡ, ನೇರ ಎಚ್ಚರಿಕೆ ಹಾಕಿ ಎಂದು ಆರೋಗ್ಯ ಕಾರ್ಯಕರ್ತರು ಆಕ್ಷೇಪಿಸಿದರು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೂ ಮುಂಬದಿ ಲೇಬಲ್ ಬಗ್ಗೆ ಬೇಗ ತೀರ್ಮಾನಿಸಿ ಎಂದಿತು. ಅದಕ್ಕೂ ಒಂದು ವರ್ಷ ಮೊದಲು, 2024ರ ಏಪ್ರಿಲ್‌ನಲ್ಲಿ, ಬೋರ್ನ್‌ವಿಟಾದಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯಿರಿ ಎಂದು ಕೇಂದ್ರವೇ ಆನ್‌ಲೈನ್ ಮಳಿಗೆಗಳಿಗೆ ಹೇಳಬೇಕಾಯಿತು. ಪ್ರಶ್ನೆ ಕೇಳಿದರೆ ಒಂದಿಷ್ಟಾದರೂ ಅಲುಗಾಡುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ನಮ್ಮ ಪಟ್ಟಿ ಇದು. ‘ಶುಗರ್ ಫ್ರೀ’ ಎಂದು ದೊಡ್ಡದಾಗಿ ಬರೆಯುವ ಪ್ಯಾಕೆಟ್ಟು ಒಟ್ಟು ಪಿಷ್ಟವನ್ನೂ ಸಿಹಿಕಾರಕದ ಹೆಸರನ್ನೂ ಅಷ್ಟೇ ದೊಡ್ಡದಾಗಿ, ಕನ್ನಡದಲ್ಲಿ ಬರೆಯಲಿ. ಸರ್ಜರಿ ಮಾಡುವ ಆಸ್ಪತ್ರೆ ಕೊಡುವ ಡಯಟ್ ಚೀಟಿಯಲ್ಲಿ ರೋಗಿಯ ಸೀಮೆಯ ಕಾಳು, ಮೀನು, ಸೊಪ್ಪುಗಳ ಹೆಸರು ಇರಲಿ. ವಿಮೆ ಸರ್ಜರಿಯ ದಿನಕ್ಕೆ ಮುಗಿಯದೆ ಕನಿಷ್ಠ ಮೊದಲ ಎರಡು ವರ್ಷದ ಮಾತ್ರೆ, ರಕ್ತಪರೀಕ್ಷೆಗಳನ್ನು ಒಳಗೊಳ್ಳಲಿ. ಬಿ12 ಮತ್ತು ಕಬ್ಬಿಣದ ಪರೀಕ್ಷೆ ತಾಲೂಕು ಆಸ್ಪತ್ರೆಯಲ್ಲೇ ಆಗಲಿ.

ಇಷ್ಟು ಸರ್ಕಾರಕ್ಕೆ, ಕಂಪನಿಗೆ. ಇನ್ನು ಮನೆಯಲ್ಲಿ ಇಂದೇ ಆಗಬಹುದಾದದ್ದು ಎರಡು. ಸರ್ಜರಿ ಆದವರ ತಟ್ಟೆಗೆ ‘ಒಂದು ಚೂರು ಏನೂ ಆಗಲ್ಲ’ ಅಂತ ಹೋಳಿಗೆ ಹಾಕುವುದನ್ನು ನಿಲ್ಲಿಸಿ. ಮತ್ತೆ, ಆ ಹುರುಳಿಯನ್ನು ನೆನೆಹಾಕಿ, ಬೇಯಿಸಿ, ಅರೆಯುವ ಕೆಲಸವನ್ನು ಈ ವಾರ ಮನೆಯ ಗಂಡಸರು ಮಾಡಲಿ.